ಒಂದು ತಾಸಿನ ತವರು

ಮಧ್ಯಾಹ್ನ ಉಂಡು, ತಾಟು ತೊಳೆದಿಟ್ಟು, ಅಡುಗೆಮನೆಯ ನೆಲ ಒರೆಸಿ, ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ ಎನ್ನುವ ಹೊತ್ತೊಂದು ಬರುತ್ತದಲ್ಲ, ಆಗ ನನ್ನ ಕೈ ತಾನಾಗಿಯೇ ಮೊಬೈಲಿಗೆ ಹೋಗುತ್ತದೆ. ಅಡುಗೆಯ ವಿಡಿಯೋ ನೋಡುವುದಕ್ಕಲ್ಲ. ಒಬ್ಬಳಿಗೆ ಬೇಯಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮೈಸೂರು ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳುವುದಕ್ಕೆ. ಮೊಬೈಲು ಬೇಸರಪಡದೆ ಹೇಳುತ್ತದೆ: ನಾಲ್ಕು ನೂರು ಕಿಲೋಮೀಟರಿಗೆ ಚೂರು ಕಡಿಮೆ, ಹಾರುವುದಕ್ಕೆ ಹೆಚ್ಚುಕಡಿಮೆ ಒಂದು ತಾಸು. ನಿನ್ನೆಯೂ ಅಷ್ಟೇ ಹೇಳಿತ್ತು. ಊರುಗಳು ಎದ್ದು ನಡೆಯುವುದಿಲ್ಲ ಎನ್ನುವುದು ಬೆಟಗೇರಿಯ ಸಾಲಿಯಲ್ಲಿ ಇಡೀ ಆಯುಷ್ಯ ಭೂಗೋಳ ಕಲಿಸಿದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೇಳುತ್ತೇನೆ.

ಇದರಲ್ಲಿ ನಗುವಂಥದ್ದೆಂದರೆ, ಆ ದಾರಿಯ ವಿಮಾನ ಈಗ ಇಲ್ಲ. ಕೆಲವು ಕಾಲ ಹಾರಿತು, ಆಮೇಲೆ ನಿಂತಿತು. ಯಾಕೆ ನಿಂತಿತೆಂದು ನಮ್ಮಂಥವರಿಗೆ ಬಂದು ಯಾರು ಹೇಳುತ್ತಾರೆ? ಮೊಬೈಲಿಗೆ ದೂರ ಗೊತ್ತು, ಹೊತ್ತು ಗೊತ್ತು, ವಿಮಾನ ಇಲ್ಲವೆನ್ನುವುದು ಮಾತ್ರ ಗೊತ್ತಿಲ್ಲ. ಇಲ್ಲದ ವಿಮಾನದ ಪ್ರಯಾಣಕ್ಕೆ ಹಿಡಿಯುವ ಸಮಯವನ್ನು ಇದ್ದಬದ್ದ ನಂಬಿಕೆಯೆಲ್ಲ ಸೇರಿಸಿ ಹೇಳುತ್ತದೆ, ನಾನೂ ಅಷ್ಟೇ ನಂಬಿಕೆಯಿಂದ ಕೇಳುತ್ತೇನೆ. ಇಬ್ಬರಿಗೂ ಬೇರೆ ಕೆಲಸವಿಲ್ಲ.

ಪಕ್ಕದ ಮನೆಯ ಹಸೀನಾ ನೇಕಾರರಿಗೆ ಕಂಡಿಕಿ ಸುತ್ತಿಕೊಡುತ್ತಾಳೆ. ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕೊಳವೆಗೆ ಸುತ್ತುವ ಕೆಲಸ. ಅದನ್ನು ಒಳಗೆ ಕೂತು ಮಾಡಿದರೆ ಅವಳಿಗೆ ಊಟ ಕರಗುವುದಿಲ್ಲ. ನನ್ನ ಕಟ್ಟೆಗೇ ತಂದು ಮಾಡಬೇಕು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯುತ್ತದೆ.

"ಏನ್ರಿ ಅಕ್ಕೋರ, ಇವತ್ತೇನರ ಹತ್ರ ಬಂತೇನ್ರಿ ಮೈಸೂರು?"

"ಇಲ್ಲವಾ. ನಿನ್ನೆ ಇದ್ದಲ್ಲೇ ಐತಿ."

"ಹಂಗಂದ್ರ ಚಲೋ ಆತು ಬಿಡ್ರಿ. ದೂರ ಆಗಿಲ್ಲಲ್ಲ."

ನಮ್ಮ ಕಡೆ ಸಾಲಿಯ ಹೆಣ್ಣು ಮಾಸ್ತರರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ತರಕಾರಿ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ದವಾಖಾನೆಯ ಸಾಲಿನಲ್ಲಿ, ಎಲ್ಲಿ ಹೋದರೂ ಗಡ್ಡ ಬಿಟ್ಟವರು, ಬೆಳ್ಳಿಕೂದಲು ಬಂದವರು ಎದ್ದು ನಿಂತು ಅಕ್ಕೋರ, ಆರಾಮದೀರಿ ಎನ್ನುತ್ತಾರೆ. ಅಕ್ಕೋರ ಎನ್ನುವವರು ಊರ ತುಂಬ ಇದ್ದಾರೆ. ಅಕ್ಕಾ ಎನ್ನುವವನು ಈ ಲೋಕದಲ್ಲಿ ಒಬ್ಬನೇ ಉಳಿದಿದ್ದಾನೆ. ಅವನು ಮೈಸೂರಿನಲ್ಲಿದ್ದಾನೆ.

ದೂರದ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಎಲ್ಲಿಗೂ ಹೋಗದವರಿಗೆ ಅದು ಜಾಸ್ತಿ ಎಂದು ಕಾಣುತ್ತದೆ. ತರಗತಿಯ ಗೋಡೆಗೆ ಕರ್ನಾಟಕದ ದೊಡ್ಡ ನಕಾಶೆ ತೂಗುಹಾಕಿ, ಹೊಲಿಗೆಯ ದಾರವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಎಳೆದು, ಅದನ್ನು ಅಳತೆಪಟ್ಟಿಗೆ ಹಿಡಿದು, ಇಷ್ಟು ಇಂಚಿಗೆ ಇಷ್ಟು ಮೈಲಿ ಎಂದು ಲೆಕ್ಕ ಹಾಕಿಸುತ್ತಿದ್ದೆ. ಒಮ್ಮೆ ಒಂದು ಹುಡುಗಿ, ಮಲ್ಲಸಮುದ್ರದಿಂದ ನಡೆದು ಬರುತ್ತಿದ್ದವಳು, ಎದ್ದು ನಿಂತು ಕೇಳಿದಳು: "ಅಕ್ಕೋರ, ದಾರ ನೆಟ್ಟಗ ಐತ್ರಿ. ಆದ್ರ ರಸ್ತಾ ಡೊಂಕ ಇರ್ತೈತಲ್ರಿ." ಅದಕ್ಕೆ ನಾನು, ದಾರದ ಹಂಗ ಹೋಗಬೇಕಂದ್ರ ಹಕ್ಕಿ ಆಗಬೇಕವಾ ಅಂದೆ. ಎಲ್ಲರೂ ನಕ್ಕರು. ಹಕ್ಕಿಯ ಹಾದಿಗೆ ಟಿಕೆಟ್ಟು ಕೊಡುತ್ತಾರೆ, ಅದು ಒಂದು ದಿನ ನನ್ನ ಮೊಬೈಲಿಗೇ ಬಂದು ಬೀಳುತ್ತದೆ ಎಂದು ಆಗ ನನಗೇನು ಗೊತ್ತು.

ನನ್ನ ತವರು ಲಕ್ಷ್ಮೇಶ್ವರ. ನನ್ನನ್ನು ಬೆಟಗೇರಿಗೆ ಕೊಟ್ಟದ್ದೇ ದೂರದ ಲೆಕ್ಕ ಹಾಕಿ. ಅವ್ವನದೊಂದು ಕಾಯ್ದೆ ಇತ್ತು: ಮಗಳನ್ನು ಕೊಟ್ಟ ಊರು ಒಂದು ತಾಸಿನ ದಾರಿಯಲ್ಲಿರಬೇಕು. ವರನ ಬಣ್ಣ, ಹೊಲ, ನೌಕರಿ ಎಲ್ಲ ಆಮೇಲೆ. ಮುಂಡರಗಿಯ ಒಂದು ಸಂಬಂಧ ಬಂದಿತ್ತು, ಅನುಕೂಲಸ್ಥರು, ಹುಡುಗ ನೋಡಲಿಕ್ಕೂ ಚೆಲುವ. ಅವ್ವ ಒಲ್ಲೆನೆಂದಳು. "ಎರಡು ಬಸ್ಸು ಬದಲಿ ಮಾಡಬೇಕು. ಮಗಳಿಗೆ ಜ್ವರ ಬಂದೈತಿ ಅಂತ ಖಬರ ಬಂದ್ರ, ಜ್ವರ ಇಳಿಯೂದ್ರಾಗ ನಾ ಅಲ್ಲಿರಬೇಕು." ಹಾಗಾಗಿ ಗದಗಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ, ಉಗುರಿನ ಸಂದಿಯಲ್ಲಿ ಸದಾ ಮಸಿ ಇರುವ, ಮೂರು ಮಾತಿಗೆ ಒಂದು ಉತ್ತರ ಕೊಡುವ ಮನುಷ್ಯನಿಗೆ ನಾನು ಸಿಕ್ಕೆ. ಮುಳಗುಂದದ ಮೇಲೆ ಬರುವ ಬಸ್ಸಿಗೆ ಒಂದು ತಾಸು. ಮುಂಡರಗಿಯ ಚೆಲುವನ ಬಗ್ಗೆ ನನಗೆ ಎಂದೂ ಬೇಸರವಾಗಲಿಲ್ಲ. ಒಂದೆರಡು ಸಲ ಆಗಿರಬಹುದು.

ಒಂದು ತಾಸಿನ ದಾರಿಯಾದರೂ ನಾನಾಗಿ ಎದ್ದು ಹೋಗುವಂತಿರಲಿಲ್ಲ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕಾದರೆ ಅಣ್ಣನೋ ತಮ್ಮನೋ ಬಂದು ಕರೆಯಬೇಕು. ಕರೆಯದೆ ಹೋದವಳನ್ನು ಬೀದಿಯವರು ಏನವಾ, ಮನಿಯಾಗ ಏನರ ಜಗಳೇನ ಎಂದು ಕೇಳುತ್ತಾರೆ. ಆದ್ದರಿಂದ ಶ್ರಾವಣ ಹುಟ್ಟುವ ಮೊದಲೇ ನನ್ನ ತಮ್ಮ ಈರಣ್ಣ ಬರುತ್ತಿದ್ದ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ದನಿ ಮಾತ್ರ ಇಡೀ ಓಣಿಗೆ ಕೇಳುವಂಥದ್ದು. ಬಾಗಿಲಲ್ಲಿ ಕಾಲು ತೊಳೆದು, ಒಳಗೆ ಬಂದು, ನೀರು ಕುಡಿದು, ನನ್ನ ಅತ್ತೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ.

"ಅವ್ವ ಅಕ್ಕನ್ನ ಕರಕೊಂಡ ಬಾ ಅಂದಾಳ್ರಿ."

"ಈ ವರ್ಷ ಆಗೂದಿಲ್ಲಪ್ಪ. ಮನಿಯಾಗ ರಗಡ ಕೆಲಸ ಐತಿ."

ಈರಣ್ಣ ತಲೆ ಕೆರೆದುಕೊಂಡು ಮತ್ತೊಮ್ಮೆ ಕೇಳಬೇಕು. ಅತ್ತೆ ಮತ್ತೊಮ್ಮೆ ಇಲ್ಲವೆನ್ನಬೇಕು. ಅಷ್ಟರಲ್ಲಿ ಅವನ ಮುಂದೆ ಊಟದ ತಾಟು ಬರುತ್ತಿತ್ತು. ಮೂರನೆಯ ಸಲಕ್ಕೆ ಅತ್ತೆ, "ಆತು, ಎಂಟು ದಿನಕ್ಕ ತಿರುಗಿ ಕಳಸ್ರಿ" ಎನ್ನುತ್ತಿದ್ದಳು. ನನ್ನ ಚೀಲ ಹಿಂದಿನ ದಿನವೇ ತುಂಬಿ ಬಾಗಿಲ ಹಿಂದೆ ನಿಂತಿರುತ್ತಿತ್ತು, ಅದರೊಳಗೆ ಶೇಂಗಾ ಉಂಡಿಯ ಡಬ್ಬಿ ಇಟ್ಟವಳೂ ಅತ್ತೆಯೇ. ಹಾಗಿದ್ದ ಮೇಲೆ ಈ ನಾಟಕ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಒಮ್ಮೆಲೇ ಹೂಂ ಅಂದ್ರ, ಸೊಸಿ ಬ್ಯಾಡಾಗ್ಯಾಳ ಅಂತ ತಿಳಿತಾರ" ಎಂದಳು. ಅತ್ತೆ ಬಾಯಿ ಬಿಟ್ಟು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಹೀಗೆ ಸುತ್ತುಬಳಸಿ.

ಈ ಪದ್ಧತಿಯ ಇನ್ನೊಂದು ಅರ್ಧ ಲಕ್ಷ್ಮೇಶ್ವರದಲ್ಲಿ ನಡೆಯುತ್ತಿತ್ತು. ಕರೆದುಕೊಂಡು ಹೋಗುವವನು ತಮ್ಮ. ತಿರುಗಿ ಕರೆತರುವವನು ಗಂಡ. ಎಂಟನೆಯ ದಿನ ನಮ್ಮ ಮನೆಯವರು ಮುದ್ರಣಾಲಯಕ್ಕೆ ರಜೆ ಹಾಕಿ, ಒಗೆದ ಅಂಗಿ ತೊಟ್ಟು, ಮಸಿಯ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಬರುತ್ತಿದ್ದರು. ಈಗ ಇಲ್ಲವೆನ್ನುವ ಸರದಿ ಅವ್ವನದು. "ಇನ್ನ ಎರಡು ದಿನ ಇರಲಿ, ಕೂಸು ಸೊರಗೈತಿ." ಕೂಸು ಎಂದರೆ ನಾನು, ಆಗಲೇ ಸಾಲಿಯಲ್ಲಿ ಬೆತ್ತ ಹಿಡಿದು ನಿಲ್ಲುತ್ತಿದ್ದವಳು. ನಮ್ಮ ಮನೆಯವರಿಗೆ ವಾದ ಮಾಡಲಿಕ್ಕೆ ಬರುತ್ತಿರಲಿಲ್ಲ. ಊಟ ಮಾಡಿ, ಆತ್ರಿ ಎಂದು ಬರಿಗೈಯಲ್ಲಿ ಬಸ್ಸು ಹತ್ತಿ ಹೋಗಿ, ಎರಡು ದಿನ ಬಿಟ್ಟು ಮತ್ತೆ ಬರುತ್ತಿದ್ದರು. ಒಂದು ವರ್ಷ ಹೀಗೆ ಮೂರು ಸಲ ಬಂದರು. ತಿರುಗಿ ಹೋಗುವಾಗ ಅವರು ಬೇಕಂತಲೇ ಶಿರಹಟ್ಟಿ ಸುತ್ತಿ ಹೋಗುವ ಬಸ್ಸಿಗೆ ಕೂಡಿಸುತ್ತಿದ್ದರು. ಇದು ತಡ ಆಗತೈತಲ್ರಿ ಎಂದರೆ, ಹೂಂ ಎನ್ನುತ್ತಿದ್ದರು. ಅವರ ಪಕ್ಕ ಕಿಟಕಿಯ ಸೀಟಿನಲ್ಲಿ, ಮನೆಯ ಕೆಲಸ ಇನ್ನೂ ಶುರುವಾಗದ ಆ ತಡವಿತ್ತಲ್ಲ, ನನ್ನ ಸಂಸಾರದ ಒಳ್ಳೆಯ ಮಾತುಕತೆಯೆಲ್ಲ ಅಲ್ಲೇ ಆದದ್ದು.

ನಮಗೆ ಮಕ್ಕಳಾಗಲಿಲ್ಲ. ಅತ್ತೆ ಹೋದಳು, ಅವ್ವ ಹೋದಳು. ಲಕ್ಷ್ಮೇಶ್ವರದ ಮನೆ ಬಾಡಿಗೆಯದು, ಅವ್ವನ ತಿಥಿ ಮುಗಿದ ಮೇಲೆ ಬೀಗದ ಕೈ ಮಾಲೀಕರಿಗೆ ಕೊಟ್ಟು ಈರಣ್ಣ ಮೈಸೂರಿಗೆ ಹೋದ. ಅಲ್ಲಿ ನಮ್ಮ ಕಡೆಯ ಹುಡುಗರು ಕಾಲೇಜು ಕಲಿಯುತ್ತಾರೆ, ಅವರಿಗೆ ಜೋಳದ ರೊಟ್ಟಿ ಬೇಕು. ಇವನೂ ಇವನ ಹೆಂಡತಿಯೂ ಒಂದು ಖಾನಾವಳಿ ತೆರೆದರು. ತವರು ಎನ್ನುವುದು ಊರಿನಿಂದ ಎದ್ದು ಒಂದು ರೊಟ್ಟಿಯ ಹಂಚಿನ ಹತ್ತಿರ ಹೋಗಿ ಕೂತಿತು.

ಆದರೂ ಈರಣ್ಣ ಪದ್ಧತಿ ಬಿಡಲಿಲ್ಲ. ಪ್ರತಿ ಪಂಚಮಿಗೆ ರಾತ್ರಿಯಿಡೀ ರೈಲುಗಾಡಿಯಲ್ಲಿ ಕೂತು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದ. ಇಲ್ಲವೆನ್ನಲಿಕ್ಕೆ ಅತ್ತೆ ಇಲ್ಲದ್ದರಿಂದ ನಮ್ಮ ಮನೆಯವರೇ ಆ ಪಾತ್ರ ಮಾಡಿ, ಮೊದಲ ಸಲಕ್ಕೇ ಸೋತು, ಕಳಿಸುತ್ತಿದ್ದರು. ಎಂಟು ದಿನಕ್ಕೆ ಅವರೂ ಮೈಸೂರಿಗೆ ಬಂದು ನನ್ನನ್ನು ಕರೆತರುತ್ತಿದ್ದರು. ಅವರು ತೀರಿದ ವರ್ಷವೂ ಈರಣ್ಣ ಬಂದ. ಆ ಸಲ ನಾನೇ ಹೂಂ ಅನ್ನಬೇಕಾಯಿತು, ನನ್ನನ್ನು ನಾನೇ ಕಳಿಸಿಕೊಂಡೆ. ತಿರುಗಿ ಬರುವಾಗ ಈರಣ್ಣ ನನ್ನನ್ನು ಗಾಡಿ ಹತ್ತಿಸಿ, ಡಬ್ಬಿಯಲ್ಲಿದ್ದ ಅಪರಿಚಿತರಿಗೆಲ್ಲ ಜೋಪಾನ ಹೇಳಿ ಇಳಿದ. ಹುಬ್ಬಳ್ಳಿ ಬರುವ ತನಕ ಆ ಅಪರಿಚಿತರು ನನ್ನನ್ನು ಪಾರ್ಸಲ್ಲು ಕಾದಂತೆ ಕಾದರು.

ಇಂಥ ಹೊತ್ತಿನಲ್ಲಿ ವಿಮಾನ ಶುರುವಾಯಿತು. ಈರಣ್ಣನ ಫೋನು ಬಂದಾಗ ಅವನ ದನಿ ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಕೇಳುತ್ತಿತ್ತು.

"ಅಕ್ಕಾ, ಹುಬ್ಬಳ್ಳಿಯಿಂದ ಇಲ್ಲಿಗೆ ಒಂದ ತಾಸು. ಲಕ್ಷ್ಮೇಶ್ವರ ಇದ್ದಷ್ಟ ದೂರ. ಅವ್ವ ಇದ್ದಿದ್ರ ಹೂಂ ಅಂತಿದ್ಲು ನೋಡು."

ಅವತ್ತು ನನಗೆ ಎಷ್ಟು ಖುಷಿಯಾಯಿತೆಂದರೆ, ಹಳೆಯ ನಕಾಶೆ ತೆಗೆದು ದಾರ ಹಿಡಿದೇ ಬಿಟ್ಟೆ. ಹಾವೇರಿ, ದಾವಣಗೆರೆ, ಹಾಸನದ ಸೀಮೆಯ ಮೇಲೆ ನೆಟ್ಟಗೆ ಒಂದು ಗೆರೆ. ಸಂಜೆ ತಾರಸಿಗೆ ಹೋಗಿ ಆಕಾಶವನ್ನೂ ನೋಡಿದೆ. ಗದಗಿನ ಮೇಲೆ ಒಂದು ವಿಮಾನ ಹೋಗುತ್ತಿತ್ತು, ಆದರೆ ಅದು ಪೂರ್ವಕ್ಕೆ ಹೋಗುವಂಥದ್ದು, ನಮ್ಮದಲ್ಲ. ಭೂಗೋಳ ಗೊತ್ತಿದ್ದವರಿಗೆ ಇಂಥ ಸಣ್ಣ ಸುಖಗಳೂ ಸಿಗುವುದಿಲ್ಲ ನೋಡಿ.

ಪಂಚಮಿ ಹತ್ತಿರ ಬಂದಾಗ ಟಿಕೆಟ್ಟು ಮೊಬೈಲಿಗೆ ಬಂತು. ಹೋಗುವುದೂ ಇತ್ತು, ಬರುವುದೂ ಇತ್ತು. ನಾಲ್ಕು ದಿನದ ಅಂತರ. ನಾನು ಫೋನು ಮಾಡಿದೆ.

"ನೀ ಕರಿಯಾಕ ಬರೂದಿಲ್ಲೇನು?"

"ಒಂದ ತಾಸಿಗೆ ಏನ್ ಕರಿಯೂದಕ್ಕಾ? ರೊಟ್ಟಿ ಪಂಚಮಿಗೆ ಹುಡುಗ್ರು ಸಾಲುಗಟ್ಟಿ ನಿಂತಿರ್ತಾರ. ನೀ ಬಂದಬಿಡು."

ಕರೆಯದೆ ಬರುವುದಿಲ್ಲ ಎಂದೆ. ಖರೆ ಹೇಳುತ್ತೇನೆ, ನನಗೆ ನೋವಾದದ್ದು ಬರೀ ಅದಕ್ಕಲ್ಲ. ಹೊರಡುವ ಮೊದಲೇ ತಿರುಗಿ ಬರುವ ದಿನ ಬರೆದಿತ್ತಲ್ಲ, ಅದಕ್ಕೆ. ಇನ್ನೆರಡು ದಿನ ಇರಲಿ ಎನ್ನುವುದಕ್ಕೆ ಆ ಟಿಕೆಟ್ಟಿನಲ್ಲಿ ಜಾಗವೇ ಇರಲಿಲ್ಲ. ರಾತ್ರಿಯಿಡೀ ಗಾಡಿಯಲ್ಲಿ ಕೂತು ಹೋದವಳನ್ನು ಎಂಟು ದಿನ ಇಟ್ಟುಕೊಳ್ಳಬೇಕು ಎನ್ನಿಸುತ್ತದೆ; ಒಂದು ತಾಸಿನಲ್ಲಿ ಬಂದವಳು ಬೇಗ ಹೋದರೂ ನಡೆಯುತ್ತದೆ. ದಾರಿ ಗಿಡ್ಡವಾದಷ್ಟೂ ಉಳಿಯುವುದೂ ಗಿಡ್ಡವಾಗುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ನಾನು ಪಾಠ ಮಾಡಿರಲಿಲ್ಲ. ತಮ್ಮನಿಗೆ ಹೇಳಲಿಕ್ಕೂ ಬಾಯಿ ಬರಲಿಲ್ಲ, ಕರಿಯಾಕ ಬಾ ಎಂದು ಹಟ ಹಿಡಿದೆ. ಹಟ ಹಿಡಿಯುವುದು ನಮ್ಮ ವಂಶದಲ್ಲಿ ಎಲ್ಲರಿಗೂ ಬರುವ ವಿದ್ಯೆ.

ಮುಂದಿನ ವರ್ಷದ ಪಂಚಮಿಗೆ ಈರಣ್ಣ ಸೋತ. "ಆತು ಮಾರಾಯ್ತಿ, ನಾಳೆ ಕರಿಯಾಕ ಬರ್ತೀನಿ, ತಯಾರಾಗಿರು" ಎಂದ. ನಾನು ತಯಾರಾದೆ. ಅಂದರೆ ಏನು ಮಾಡಿದೆ? ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಹೂರಣ ರುಬ್ಬಿ, ಹೋಳಿಗೆಗೆ ಹಂಚಿಟ್ಟೆ. ಅವನಿಗೆ ಬದನೆಕಾಯಿ ಎಣಗಾಯಿ ಇಷ್ಟ, ಅದನ್ನೂ ಮಾಡಿದೆ. ಕಾಲು ತೊಳೆಯಲಿಕ್ಕೆ ಬಾಗಿಲ ಬದಿಗೆ ಚರಿಗೆ ನೀರಿಟ್ಟೆ. ಹಸೀನಾ ಎರಡು ಸಲ ಬಂದು ಬಂದ್ರೇನ್ರಿ ತಮ್ಮಾರು ಎಂದು ಕೇಳಿ ಹೋದಳು. ಆಗ ಫೋನು ಬಂತು.

"ಅಕ್ಕಾ, ನಾ ಹುಬ್ಬಳ್ಳ್ಯಾಗ ಇಳದೇನಿ. ಎಲ್ಲಿದ್ದಿ?"

"ಮನಿಯಾಗ ಅದೇನಿ. ಬಾರಪ್ಪ, ಹೋಳಿಗಿ ಬಿಸಿ ಅದಾವು."

"ಮನಿಯಾಗಾ? ಏರ್‌ಪೋರ್ಟಿಗೆ ಬಂದಿಲ್ಲೇನು? ಇದ ವಿಮಾನ ತಿರುಗಿ ಹೋಗತೈತಿ. ಅದಕ್ಕ ಇಬ್ಬರ ಟಿಕೆಟ್ ತಗಿಸೇನಿ."

ಇಬ್ಬರೂ ಒಟ್ಟಿಗೆ ಮಾತಾಡಿದೆವು.

"ಕರಿಯಾಕ ಬರ್ತೀನಿ ಅಂದಿದ್ದಿಯಲ್ಲ ನೀ."

"ಬಂದೇನಲ್ಲ. ಮೈಸೂರಿಂದ ಇಲ್ಲಿ ತನಕ ಆಕಾಶದಾಗ ಬಂದೇನಿ. ಇನ್ನೇನ್ ಮಾಡ್ಲಿ?"

"ಹುಬ್ಬಳ್ಳಿ ಏನು ನನ್ನ ಮನಿ ಹೊಸ್ತಿಲೇನು?"

ಬೆಟಗೇರಿಯಿಂದ ಹುಬ್ಬಳ್ಳಿಗೆ ಕಾರು ಮಾಡಿಕೊಂಡು ಹೋದರೂ ತಾಸಿನ ಮೇಲಾಗುತ್ತದೆ. ವಿಮಾನ ಅಷ್ಟು ಹೊತ್ತು ನಿಲ್ಲುವುದಿಲ್ಲ, ಅದಕ್ಕೆ ಹೋಳಿಗೆಯ ಆಸೆ ಇಲ್ಲ. ಅವನೇ ಉಳಿಯಬಹುದಿತ್ತು. ನನ್ನ ಮನೆಗೆ ಬಂದು, ಉಂಡು, ರಾತ್ರಿಯ ಗಾಡಿಗೆ ಇಬ್ಬರೂ ಹೋಗಬಹುದಿತ್ತು. ನಾನೂ ಅದನ್ನು ಹೇಳಬಹುದಿತ್ತು. ಆದರೆ ಅವನು, ಅಷ್ಟು ದೂರ ಬಂದರೂ ಬಂದಂತೆ ಆಗಲಿಲ್ಲವಲ್ಲ ಎಂದು ಸಿಟ್ಟಾಗಿದ್ದ. ನಾನು, ಅಷ್ಟು ಹತ್ತಿರ ಬಂದು ಬಾಗಿಲಿಗೆ ಬರಲಿಲ್ಲವಲ್ಲ ಎಂದು ಸಿಟ್ಟಾಗಿದ್ದೆ. ಒಂದು ತಾಸಿನ ಆ ಕಡೆ ಅವನು, ಈ ಕಡೆ ನಾನು. ಅವನು ಅದೇ ವಿಮಾನದಲ್ಲಿ ತಿರುಗಿ ಹೋದ.

ಸಂಜೆ ಮತ್ತೆ ಫೋನು ಮಾಡಿದ. ಮೊದಲ ಸಲ ಅವನ ದನಿ ಸಣ್ಣದಾಗಿತ್ತು. "ನಿನ್ನ ಸೀಟು ನನ್ನ ಬಾಜೂಕ ಖಾಲಿ ಇತ್ತಕ್ಕಾ. ಒಬ್ಬಾಂವ ಕುಂಡ್ರಾಕ ಬಂದಿದ್ದ. ನಮ್ಮ ಅಕ್ಕ ಬರೂದೈತಿ ಅಂತ ಅಂದೆ." ನಾನು ಏನು ಹೇಳಬೇಕಿತ್ತೋ ಅದು ಬಿಟ್ಟು, "ಆ ಖಾಲಿ ಸೀಟಿನ ಕೂಡ ಪಂಚಮಿ ಮಾಡು" ಎಂದು ಫೋನಿಟ್ಟೆ. ಹೋಳಿಗೆಗಳನ್ನು ಹಸೀನಾಳ ಮಕ್ಕಳು ಎರಡು ದಿನ ತಿಂದವು.

ಆಮೇಲೆ ನಾವು ಮಾತು ಬಿಟ್ಟೆವು ಎಂದೇನೂ ಅಲ್ಲ. ಮಳಿ ಆತೇನು, ಹೂಂ ಆತು, ಆರಾಮದೀಯೇನು, ಹೂಂ ಆರಾಮ, ಇಷ್ಟು ಮಾತಾಡುತ್ತಿದ್ದೆವು. ಇದಕ್ಕಿಂತ ಮಾತು ಬಿಟ್ಟಿದ್ದರೆ ಚೆನ್ನಿತ್ತು. ಅಷ್ಟರಲ್ಲಿ ವಿಮಾನ ನಿಂತಿತು. ಆ ವರ್ಷ ಪಂಚಮಿಗೆ ಈರಣ್ಣ, "ವಿಮಾನ ನಿಂತಾವಲ್ಲಕ್ಕಾ, ಹೆಂಗ ಬರ್ತಿ?" ಎಂದ. ನಾನೂ, ಹೌದಪ್ಪ, ಹೆಂಗ ಬರ್ಲಿ ಎಂದೆ. ರಾತ್ರಿಯ ಗಾಡಿ ಹಿಂದಿನಂತೆಯೇ ಓಡುತ್ತಿತ್ತು, ಅದೇ ಹೊತ್ತಿಗೆ ಬಿಡುತ್ತಿತ್ತು, ಅದೇ ಹೊತ್ತಿಗೆ ಮುಟ್ಟುತ್ತಿತ್ತು. ಇಬ್ಬರಿಗೂ ಅದು ನೆನಪಾಗಲಿಲ್ಲ. ಒಂದು ತಾಸಿನಲ್ಲಿ ಹೋಗಬಹುದೆಂದು ಒಮ್ಮೆ ತಿಳಿದ ಮೇಲೆ, ಒಂದು ರಾತ್ರಿ ಎನ್ನುವುದು ಕಾಶಿಯಷ್ಟು ದೂರವಾಗಿಬಿಟ್ಟಿತು. ಮಧ್ಯಾಹ್ನದ ಹೊತ್ತು ನಾನು ಮೊಬೈಲಿಗೆ ದೂರ ಕೇಳುವ ಚಟ ಹತ್ತಿಸಿಕೊಂಡದ್ದು ಆಗಲೇ. ಪಂಚಮಿಯ ದಿನ ಬೆಟಗೇರಿಯ ಓಣಿಯಲ್ಲಿ ಜೋಕಾಲಿ ಕಟ್ಟಿದರು, ಬೇರೆ ಬೇರೆ ಊರುಗಳಿಂದ ತವರಿಗೆ ಬಂದ ಹೆಣ್ಣುಮಕ್ಕಳು ಜೀಕಿದರು. ನಾನು ಬಾಗಿಲು ಹಾಕಿಕೊಂಡು ಕೂತೆ. ಅಳು ಬಂತೆಂದೇ ಹೇಳುತ್ತೇನೆ, ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ.

ಈ ವರ್ಷ ಪಂಚಮಿಗೆ ಇನ್ನೂ ನಾಲ್ಕು ದಿನವಿದ್ದಾಗ ಹಸೀನಾಳ ಅಣ್ಣ ಡೋಣಿಯಿಂದ ಮೋಟರ್ ಸೈಕಲ್ಲಿನಲ್ಲಿ ಬಂದ. ಡೋಣಿಯಲ್ಲಿ ಪಂಚಮಿಯ ಜೋಕಾಲಿಗೆ ಹಿಂದೂ ಮುಸ್ಲಿಂ ಎಂದೇನೂ ಇಲ್ಲ, ಆ ಊರಿನ ಹೆಣ್ಣುಮಕ್ಕಳೆಲ್ಲ ಸೇರುತ್ತಾರೆ. ಪ್ರತಿ ವರ್ಷ ಅವನು ಹೀಗೆ ಗೊಣಗುತ್ತ ಬಂದು ತಂಗಿಯನ್ನು ಹಿಂದೆ ಕೂಡಿಸಿಕೊಂಡು ಹೋಗುವುದನ್ನು ನಾನು ಕಟ್ಟೆಯ ಮೇಲಿಂದ ನೋಡುತ್ತೇನೆ, ಪ್ರತಿ ವರ್ಷ ಹೊಟ್ಟೆ ಉರಿಯುತ್ತದೆ. ಈ ಸಲ ಹೊಟ್ಟೆಯ ಮಾತು ಬಾಯಿಗೆ ಬಂದುಬಿಟ್ಟಿತು.

"ಪುಣ್ಯವಂತಿ ನೀ, ಹಸೀನಾ. ನಿಮ್ಮಣ್ಣ ಒಂದು ವರ್ಷನೂ ತಪ್ಪಸೂದಿಲ್ಲ."

ಹಸೀನಾ, ಅಣ್ಣ ಗಾಡಿ ತಿರುಗಿಸಲಿಕ್ಕೆ ಹೋಗುವ ತನಕ ಕಾದು, ಕಿವಿಯ ಹತ್ತಿರ ಬಂದಳು. "ಅಯ್ಯ, ಇಂವ ಎಲ್ಲಿ ತಾನಾಗಿ ಬರ್ತಾನ್ರಿ ಅಕ್ಕೋರ? ನಾನ ಫೋನ್ ಮಾಡ್ತೀನ್ರಿ. ಕರಿಯಾಕ ಬರ್ತೀಯೋ ಇಲ್ಲ ನಾನ ಬಂದು ನಿನ್ನ ಮನಿ ಮುಂದ ಕುಂಡ್ರಲೋ ಅಂತೀನಿ. ಪ್ರತಿ ವರ್ಷನೂ ಹಿಂಗ."

ಹಾಗೆಂದು ನಕ್ಕು ಗಾಡಿ ಹತ್ತಿ ಹೋದಳು. ಇಷ್ಟು ವರ್ಷ ನನ್ನ ಹೊಟ್ಟೆ ಉರಿಸಿದ ಪದ್ಧತಿಯನ್ನು ಅವಳು ಬೈದು ತರಿಸಿಕೊಳ್ಳುತ್ತಿದ್ದಳು. ನನಗೆ ನಗು ಬಂತು, ಬಹಳ ದಿನದ ಮೇಲೆ ಒಬ್ಬಳೇ ಕೂತು ನಕ್ಕೆ. ನಕ್ಕಾದ ಮೇಲೆ ಓಣಿ ಖಾಲಿಯಾಗಿತ್ತು. ಇನ್ನು ಹಬ್ಬ ಮುಗಿಯುವ ತನಕ ಅವಳೂ ಇರುವುದಿಲ್ಲ, ಮೈಸೂರು ಹತ್ತಿರ ಬಂತೇನ್ರಿ ಎಂದು ಕೇಳುವವರು ಯಾರೂ ಇರುವುದಿಲ್ಲ ಎನ್ನುವುದು ಆಗ ತಲೆಗೆ ಹೋಯಿತು. ನನಗೆ ಬಹಳ ಭಯವಾಯಿತು. ಎದ್ದು ಚೀಲ ತುಂಬಿದೆ. ಈರಣ್ಣನಿಗೆ ಫೋನು ಮಾಡಲಿಲ್ಲ. ಮಾಡಿದರೆ ಮಳಿ ಆತೇನು ಎಂದು ಕೇಳಿ ಇಟ್ಟುಬಿಡುತ್ತೇನೆಂದು ಗೊತ್ತಿತ್ತು. ಹುಬ್ಬಳ್ಳಿಗೆ ಹೋಗಿ ಮೈಸೂರಿನ ರಾತ್ರಿ ಗಾಡಿ ಹತ್ತಿದೆ. ಹೋಗುವುದಕ್ಕಷ್ಟೇ ಟಿಕೆಟ್ಟು ತೆಗೆಸಿದೆ.

ಬೆಳಗ್ಗೆ ಖಾನಾವಳಿಯ ಬಾಗಿಲಿಗೆ ಹೋದಾಗ ಈರಣ್ಣ ಹಿಟ್ಟು ನಾದುತ್ತಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಿದ. ಅವನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಫೋನಿನಲ್ಲಿ ಮೀಸೆ ಕಾಣುವುದಿಲ್ಲ.

"ಕರೀದ ಬಂದೆ" ಎಂದೆ.

"ಚಲೋ ಮಾಡಿದಿ" ಎಂದ. ಅಷ್ಟೇ. ಹೆಂಡತಿಯನ್ನು ಕೂಗಿ, ಬಿಸಿನೀರು ಕಾಯಿಸಲಿಕ್ಕೆ ಹೇಳಿ, ಮತ್ತೆ ಹಿಟ್ಟು ನಾದತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ತೋಳಿನಿಂದ ಕಣ್ಣೊರೆಸಿಕೊಂಡು, ಹಿಟ್ಟು ಹಾರತೈತಿ ಎಂದ.

ಹಬ್ಬದ ಹಿಂದಿನ ದಿನದ ರೊಟ್ಟಿ ಪಂಚಮಿಗೆ ಹುಡುಗರು ನಿಜವಾಗಿಯೂ ಸಾಲುಗಟ್ಟಿ ನಿಂತಿದ್ದರು. ಈರಣ್ಣ ಸುಳ್ಳು ಹೇಳಿರಲಿಲ್ಲ. ನಾನೂ ಸೆರಗು ಕಟ್ಟಿ ರೊಟ್ಟಿ ಬಡಿದೆ. ಬಿಜಾಪುರ, ಬಾಗಲಕೋಟೆ ಕಡೆಯ ಹುಡುಗರು ಉಂಡು ಎದ್ದು ಹೋಗುವಾಗ ಯಾರ್ರಿ ಇವರು ಎಂದು ಕೇಳಿದರೆ, ಈರಣ್ಣ ಓಣಿಗೆಲ್ಲ ಕೇಳುವ ಆ ದನಿಯಲ್ಲಿ ನಮ್ಮ ಅಕ್ಕ ಎನ್ನುತ್ತಿದ್ದ. ಒಬ್ಬ ಹುಡುಗ ಕೇಳಿರಲಿಲ್ಲ, ಅವನಿಗೂ ಹೇಳಿದ. ಹೀಗೆ ಎಂಟು ದಿನ ಹೋದವು.

ಒಂಬತ್ತನೆಯ ದಿನ ಚೀಲ ತಂದು ಬಾಗಿಲ ಹತ್ತಿರ ಇಟ್ಟು, ನಾ ಇನ್ನ ಹೋಗ್ತೀನಿ ಎಂದೆ. ಈರಣ್ಣ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದ. ಥೇಟ್ ಅವ್ವನ ಧಾಟಿಯಲ್ಲಿ ತಲೆ ಅಲ್ಲಾಡಿಸಿದ.

"ಹೆಂಗ ಹೋಗ್ತಿ? ಕರಿಯಾಕ ಯಾರೂ ಬಂದಿಲ್ಲ. ಯಾರೂ ಬರದ ಹೆಣ್ಣುಮಗಳನ್ನ ನಾ ಹೆಂಗ ಕಳಸ್ಲಿ?"

ನಗುತ್ತಲೇ ಅಂದದ್ದು. ಎಷ್ಟೋ ವರ್ಷ ನಮ್ಮ ಮನೆಯವರ ಮುಂದೆ ಕಳಿಸುವುದಿಲ್ಲ ಎಂದು ಆಡಿ ರೂಢಿಯಾದ ನಾಟಕ, ಬಾಯಿಗೆ ತಾನೇ ಬಂದದ್ದು. ಅರ್ಧಕ್ಕೆ ಬಂದಾಗ ಅವನ ನಗು ಹೋಯಿತು. ಅವನ ಹೆಂಡತಿ ನೆಲ ನೋಡಿದಳು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು, ಯಾರೂ ತಿರುವಲಿಲ್ಲ.

"ಯಾರೂ ಬರೂದಿಲ್ಲಪ್ಪ" ಎಂದೆ. "ಬರೂ ಹಂಗಿದ್ರ ಇಷ್ಟೊತ್ತಿಗೆ ಬಂದಿರ್ತಿದ್ರು."

ಈರಣ್ಣ ಒಲೆ ಆರಿಸಿದ. ಕೈ ತೊಳೆದುಕೊಂಡ. ಮೊಳೆಗೆ ತೂಗುಹಾಕಿದ್ದ ಅಂಗಿ ತೊಟ್ಟು, ಗುಂಡಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ, "ನಡಿ, ನಾ ಕಳಸಿ ಬರ್ತೀನಿ" ಎಂದ. ಇವತ್ತಿನ ಗಿರಾಕಿ ಎಂದು ಹೆಂಡತಿ ಅರ್ಧಕ್ಕೆ ನಿಲ್ಲಿಸಿ, ಹೋಗಿ ಬರ್ರಿ ಎಂದು ನನ್ನ ಚೀಲಕ್ಕೆ ರೊಟ್ಟಿಯ ಗಂಟು ಹಾಕಿದಳು.

ಮರುದಿನ ಬೆಳಗ್ಗೆ ಬೆಟಗೇರಿ ಮುಟ್ಟಿದೆವು. ಗಾಡಿಯಲ್ಲಿ ಹುಬ್ಬಳ್ಳಿಯ ಖಾಲಿ ಸೀಟಿನ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಬೀಗ ತೆಗೆದೆ. ಒಂಬತ್ತು ದಿನ ಮುಚ್ಚಿದ ಮನೆಯ ಗಾಳಿ ಮುಖಕ್ಕೆ ಬಂತು. ಈರಣ್ಣ ಕಾಲು ತೊಳೆದು ಒಳಗೆ ಬಂದು, ನೀರು ಕುಡಿದು, ಸಂಜಿ ಗಾಡಿಗೆ ಹೋಗ್ತೀನಕ್ಕಾ ಎಂದ. ಆತು ಎಂದೆ. ನಮ್ಮ ಮನೆಯವರ ಮಂಚದ ಮೇಲೆ, ಎಷ್ಟೋ ಕಾಲದಿಂದ ಇಸ್ತ್ರಿಯ ಬಟ್ಟೆ ಪೇರಿಸಿಟ್ಟಿದ್ದ ಮಂಚದ ಮೇಲೆ, ಬಟ್ಟೆಗಳನ್ನು ಬದಿಗೆ ಸರಿಸಿ ಮಲಗಿದವನು ನಿಮಿಷದಲ್ಲಿ ಗೊರಕೆ ಹೊಡೆದ.

ನಾನು ಬಾಗಿಲು ಪೂರಾ ತೆರೆದಿಟ್ಟು ಕಟ್ಟೆಯ ಮೇಲೆ ಕೂತೆ. ಕೊತ್ತಂಬರಿ ಮಾರುವವಳು ಬಂದಳು, ಅವಳಿಗೆ ಹೇಳಿದೆ. ಎದುರು ಮನೆಯ ಮುದುಕ ನೀರು ಹಿಡಿಯಲಿಕ್ಕೆ ಬಂದ, ಅವನಿಗೂ ಹೇಳಿದೆ. ಆಮೇಲೆ ಗ್ಯಾಸ್ ಸಿಲಿಂಡರಿನವನು ಬೇರೆ ಯಾರದೋ ಮನೆ ಹುಡುಕುತ್ತ ನಿಂತು, ಏನೋ ಕೇಳುವುದಕ್ಕೆ ಬಾಯಿ ತೆರೆದ.

"ಮೆಲ್ಲಕ ಮಾತಾಡಪ್ಪ" ಎಂದೆ. "ಒಳಗ ನಮ್ಮ ತಮ್ಮ ಮಲಗ್ಯಾನ."

ಅವನು ಒಳಗೆ ಬಗ್ಗಿ ನೋಡಿ, ದನಿ ಇಳಿಸಿ, ಆತ್ರಿ ಎಂದ.